ಹೊಟ್ಟೆಯಿಲ್ಲದವನ ಅಳತೆ

ಡಿಸೆಂಬರ್ ಬಂತೆಂದರೆ ಮನಾಮದ ಈ ಗಲ್ಲಿಯಲ್ಲಿ
ನನ್ನ ಮಿಷಿನ್ನಿಗೆ ಕೆಂಪು ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲ.
ಬ್ಯಾಡಗಿ ಮೆಣಸಿನಕಾಯಿ ರಾಶಿ ಸುರುವಿದ ಹಾಗೆ
ವೆಲ್ವೆಟ್ಟಿನ ತಾನು,
ಮೂಗಿಗೆ ಘಾಟಿಲ್ಲ ಅಷ್ಟೇ.
ಮಾಲಿನವರದು ಹದಿನಾಲ್ಕು, ಹೋಟೆಲಿನವರದು ಒಂಬತ್ತು,
ಎಲ್ಲದಕ್ಕೂ ಒಂದೇ ಅಳತೆ:
ಸೊಂಟ ಐವತ್ತೆರಡು, ಒಳಗೆ ಸ್ಪಂಜು.
ಹಾಕಿಕೊಳ್ಳುವ ಹುಡುಗರೋ
ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುವ ಪೈಕಿ.

ಫ್ಲೋರಿನ್ ಬಾಯಿ ಬಂದದ್ದು ನೈಟ್ ಡ್ಯೂಟಿ ಮುಗಿಸಿ,
ಕಣ್ಣ ಕೆಳಗೆ ಆಸ್ಪತ್ರೆಯ ನೀಲಿ.
"ಇಗರ್ಜಿಯ ಮಕ್ಕಳ ನಾಟಕಕ್ಕೆ ಒಂದು ನಿಲುವಂಗಿ ಬೇಕು.
ಸ್ಪಂಜು ಬೇಡ ಮಾರಾಯ,
ಅವನಿಗೆ ಹೊಟ್ಟೆ ಇರಲಿಲ್ಲ.
ತೊಟ್ಟಿಲ ಕೂಸಾಗಿದ್ದಾಗಲೇ ಬುಧವಾರ, ಶುಕ್ರವಾರ
ಹಾಲು ಒಲ್ಲೆ ಅನ್ನುತ್ತಿದ್ದನಂತೆ."

ಯಾರು, ಅಂದೆ.
ನಿಕೊಲಾಸ್, ಅಂದಳು. ಮೈರಾ ಅಂತ ಒಂದು ಕಡಲೂರು,
ಅಲ್ಲಿಯ ಬಿಷಪ್. ಜಿಂಕೆಯಿಲ್ಲ, ಹಿಮವಿಲ್ಲ,
ಬಂದರಿನ ಮೀನುವಾಸನೆ, ಉಪ್ಪುಗಾಳಿ,
ಥೇಟ್ ಇಲ್ಲಿಯದೇ.

ಟೇಪು ನನ್ನ ಕೊರಳಲ್ಲಿ ಜೋತುಬಿದ್ದ ಹಾಗೇ
ಕಥೆ ಮುಂದುವರಿಯಿತು:
ದಿವಾಳಿಯೆದ್ದ ಒಬ್ಬ ಅಪ್ಪ, ಮೂವರು ಹೆಣ್ಣುಮಕ್ಕಳು,
ವರದಕ್ಷಿಣೆಗೆ ಚಿಕ್ಕಾಸಿಲ್ಲ, ಇನ್ನು ಅವರನ್ನೇ ಮಾರಬೇಕು.
ಒಂದು ರಾತ್ರಿ ಕಿಟಕಿಯಿಂದ ಧೊಪ್ಪೆಂದು
ಚಿನ್ನದ ಗಂಟು. ಹಿರಿಯವಳ ಮದುವೆಯಾಯಿತು.
ಇನ್ನೊಂದು ರಾತ್ರಿ ಇನ್ನೊಂದು.
ಮೂರನೆಯ ಸಲ ಅಪ್ಪ ನಿದ್ದೆಗೆಟ್ಟು ಕಾದ,
ಕತ್ತಲಲ್ಲಿ ಓಡಿ ನಿಲುವಂಗಿಯ ಅಂಚು ಹಿಡಿದ.
ಸಿಕ್ಕಿಬಿದ್ದ ಸಂತ ಕಳ್ಳನ ಹಾಗೆ ಬೇಡಿಕೊಂಡನಂತೆ:
ನಾನಿರುವ ತನಕ ಯಾರಿಗೂ ಹೇಳಬೇಡ.

"ಆ ಅಪ್ಪ ಬಾಯಿ ಬಿಟ್ಟಿರಬೇಕು," ನಕ್ಕಳು ಫ್ಲೋರಿನ್ ಬಾಯಿ,
"ಇಲ್ಲದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?"

ನಾನು ನಗಲಿಲ್ಲ.
ಬಾಯಲ್ಲಿ ಗುಂಡುಸೂಜಿಗಳಿದ್ದವು.

ಹನ್ನೊಂದು ವರ್ಷದ ಹಿಂದೆ, ಗುದೈಬಿಯಾದ ಕೋಣೆ,
ಆರು ಮಂಚ, ಒಂದು ಏಸಿ, ಅದರ ಕೆಮ್ಮು.
ಕಂಪನಿ ನಾಲ್ಕು ತಿಂಗಳಿಂದ ಸಂಬಳ ಕೊಟ್ಟಿರಲಿಲ್ಲ.
ಊರಲ್ಲಿ ತಂಗಿ ಶಾರವ್ವನ ಲಗ್ನ ಗೊತ್ತಾಗಿ
ಬೀಗರು ಐದು ತೊಲಿ ಅಂದಿದ್ದರು.
ಫೋನಿನಲ್ಲಿ ಹ್ಞೂಂ ಹ್ಞೂಂ ಅಂದು
ಕಕ್ಕಸಿನಲ್ಲಿ ನಳ ಬಿಟ್ಟುಕೊಂಡು ಅತ್ತೆ.
ನೀರಿನ ಸದ್ದಿಗೆ ಯಾರಿಗೂ ಕೇಳಿಸಿಲ್ಲ ಎಂದುಕೊಂಡೆ.

ಆ ಶುಕ್ರವಾರ ಬಾಬಿನ್ ಡಬ್ಬಿಯಲ್ಲಿ, ನೂಲಿನ ಅಡಿಗೆ,
ಮಡಿಚಿದ ದಿನಾರು. ಮುಂದಿನ ತಿಂಗಳು ಮತ್ತೆ.
ಸಿಲ್ಹೆಟ್ಟಿನ ಮುಖ್ಲಿಸನೇ? ಅವನ ಚಪ್ಪಲಿಗೇ ತಂತಿಯ ಹೊಲಿಗೆ.
ಪೇಶಾವರದ ಗುಲ್ ಜಮಾನನೇ?
ಕಿಟಕಿ ಪಕ್ಕದ ಮಂಚಕ್ಕೆ ಜಗಳವಾಡಿ
ನಮ್ಮಿಬ್ಬರಿಗೆ ಮಾತು ಬಿಟ್ಟಿತ್ತು.
ತಿರೂರಿನ ವೇಲಾಯುಧನ್? ಗಂಗೊಳ್ಳಿಯ ಇಲ್ಯಾಸ್?
ಬೆಳಿಗ್ಗೆ ಯಾರ ಮುಖದಲ್ಲೂ ಏನೂ ಇಲ್ಲ,
ಎಲ್ಲರೂ ಅದೇ ತಣ್ಣನೆಯ ದಾಲಿಗೆ ಖುಬ್ಬೂಸ್ ಅದ್ದಿದರು.

ಮೂರನೆಯ ತಿಂಗಳು ನಾನೂ ಎಚ್ಚರವಿದ್ದೆ.
ಹೊದಿಕೆಯ ಸಂದಿಯಿಂದ ಕಂಡದ್ದು ಒಂದು ಹಿಮ್ಮಡಿ,
ಸಿಮೆಂಟು ತಿಂದು ಬಿರಿದದ್ದು.
ಎಲ್ಲರದೂ ಬಿರಿದ ಹಿಮ್ಮಡಿಯೇ.
ಆದರೂ ಗೊತ್ತಾಯಿತು.
ಎದ್ದು ಓಡಲಿಲ್ಲ, ಅಂಚು ಹಿಡಿಯಲಿಲ್ಲ,
ಗೊರಕೆ ಹೊಡೆದೆ, ಸುಳ್ಳು ಗೊರಕೆ,
ಅವನು ನೆಮ್ಮದಿಯಿಂದ ಮಂಚ ಸೇರಲಿ ಎಂದು.
ಅದರ ಹೊರತು ನಾನು ಅವನಿಗೆ
ಏನನ್ನೂ ಕೊಟ್ಟಿಲ್ಲ.

ಶಾರವ್ವನ ಮಗಳು ಈಗ ನಾಲ್ಕನೇ ಇಯತ್ತೆ.

ನಿಲುವಂಗಿ ನಿನ್ನೆ ಮುಗಿಯಿತು.
ಸೊಂಟ ಇಪ್ಪತ್ತೆಂಟು, ಒಳಗೆ ಬರೀ ಗಾಳಿ.
ತೋಳು, ಕೊರಳು, ಹೆಗಲಿಗೆ ಎರಡೆರಡು ಹೊಲಿಗೆ.
ಕೆಳಗಿನ ಅಂಚಿಗೆ ಮಾತ್ರ ಕಚ್ಚಾ ಹೊಲಿಗೆ ಹಾಕಿ ಬಿಟ್ಟಿದ್ದೇನೆ,
ಫ್ಲೋರಿನ್ ಬಾಯಿ ಬೈದರೆ ಬೈಯಲಿ.
ಯಾರಾದರೂ ಹಿಡಿದರೆ
ಅಂಚು ಅವರ ಕೈಯಲ್ಲೇ ಕಿತ್ತು ಉಳಿಯಬೇಕು,
ಅವನು ಹೋಗಿಬಿಡಬೇಕು.